ಮದ್ರಾಸಿಗೆ ಹೋಗದ ನನ್ನ ಭಾವ

ಇದನ್ನು ನಾನು ಯಾರಿಂದಲೋ ಕೇಳಿದ್ದಲ್ಲ. ನನ್ನ ಕಣ್ಣೆದುರೇ, ಮೂರು ಮಾರು ದೂರದಲ್ಲಿ ನಡೆದದ್ದು. ನಂಬದವರ ಜೊತೆ ನನಗೆ ವಾದವಿಲ್ಲ.

ಜರ್ಮನಿಯವರ ಯುದ್ಧ ಶುರುವಾಗಿದ್ದ ವರ್ಷ. ಅಜ್ಜಂಪುರದಲ್ಲಿ ನನ್ನ ಭಾವ ಸಿದ್ದಪ್ಪನವರದು ಕೊಬ್ಬರಿ ವ್ಯಾಪಾರ. ಹಡಗಿಗೆ ಹಾಕಿಸಬೇಕಾದ ಮೂಟೆಗಳ ಜೊತೆ ಅವರ ತಮ್ಮ ರುದ್ರ ರೈಲಿನಲ್ಲಿ ಮದ್ರಾಸಿನ ಬಂದರಿಗೆ ಹೋಗಿದ್ದ. ಭಾವನವರೇ ಹೋಗಬೇಕಿತ್ತು. ಜ್ವರವೆಂದು ಅವನನ್ನು ಕಳಿಸಿದ್ದರು.

"ಯುದ್ಧದ ಕಾಲ ಕಣೋ ಮಲ್ಲಾ, ನಾನೇ ಹೋಗ್ಬೇಕಿತ್ತು" ಎಂದು ದಿನವೂ ಕೊರಗುತ್ತಿದ್ದರು.

ಆ ರಾತ್ರಿ ಊಟ ಮುಗಿಸಿ ನಾವಿಬ್ಬರೂ ಅಂಗಡಿಯಲ್ಲಿ ಮೂಟೆ ಹೊಲಿಯುತ್ತಿದ್ದೆವು. ಭಾವನವರ ಕೈ ಥಟ್ಟನೆ ನಿಂತಿತು.

"ಸೀಮೆಎಣ್ಣೆ ವಾಸ್ನೆ ಬತ್ತೈತಲ್ಲೋ..."

ನಾವು ಹಚ್ಚಿದ್ದದ್ದು ಹರಳೆಣ್ಣೆ ದೀಪ. ಆದರೂ ನನ್ನ ಮೂಗಿಗೂ ಹೊಡೆಯಿತು. ಜೊತೆಗೆ ಉಪ್ಪುನೀರಿನ, ಕೊಳೆತ ಮೀನಿನ ನಾತ...

ಭಾವ ಎದ್ದು ನಿಂತರು. "ಲೇ ರುದ್ರಾ, ನೀರಿಗೆ ಬೀಳೋ!" ಎಂದು ಕಿರುಚಿ, ಎರಡೂ ಕೈ ಚಾಚಿ ಬರಿಗಾಳಿಯನ್ನು ನೂಕಿದರು.

ಮರುಕ್ಷಣ ಯಾರೋ ಎತ್ತಿ ಒಗೆದ ಹಾಗೆ ಹಾರಿ ಗೋಡೆಗೆ ಬಡಿದರು. ತಲೆ ಒಡೆದ ಸದ್ದು... ಅಂಗಿ ಹೊತ್ತಿಕೊಂಡಿತ್ತು. ಗೋಣಿ ಹೊದಿಸಿ ಆರಿಸಿದೆ. ಎದೆಯ ಚರ್ಮ ಗೋಣಿಗೆ ಅಂಟಿ ಬಂತು. ಪಕ್ಕೆಯಲ್ಲಿ ಮುಷ್ಟಿ ಹಿಡಿಸುವಷ್ಟು ತೂತು. ದೀಪ ಮಾತ್ರ ಅಲುಗದೆ ಉರಿಯುತ್ತಿತ್ತು.

ಅಕ್ಕ ಓಡಿಬಂದಳು. "ಏನ್ ಮಾಡ್ದ್ಯೋ ನನ್ ಗಂಡನ್ನ!" ಎಂದು ನನ್ನ ಕಪಾಳಕ್ಕೆ ಹೊಡೆದಳು.

ದಫೇದಾರನೂ ಅದನ್ನೇ ಕೇಳಿದ. ಮೂರು ದಿನ ಲಾಠಿಯಿಂದ ಬಡಿದ. "ಯಾತ್ರಲ್ಲಿ ಚುಚ್ಚಿದ್ಯೋ? ಹೇಳ್ಲೇ!" ಆಯುಧ ಸಿಗದೆ, ನನ್ನ ಹಲ್ಲೆರಡು ಉದುರಿದ ಮೇಲೆ ಬಿಟ್ಟುಬಿಟ್ಟ.

ನಾನು ಬಿಡುಗಡೆಯಾದ ಮಾರನೆಯ ದಿನ ರುದ್ರ ರೈಲಿಳಿದು ಬಂದ. ಮೈಮೇಲೆ ಒಂದು ತರಚು ಗಾಯವೂ ಇಲ್ಲ. ಒಳಗೆ ಹೋಗದೆ ನನ್ನನ್ನು ಬೀದಿಗೆ ಎಳೆದುಕೊಂಡ.

"ಜರ್ಮನಿ ಹಡಗು ಬಂದರಿಗೆ ಗುಂಡು ಹೊಡೀತು ಮಲ್ಲಣ್ಣಾ. ಎಣ್ಣೆ ಟಾಂಕಿ ಹತ್ಕೊಂಡು ಉರೀತಿದ್ವು. ಒಂದು ಗುಂಡು ನನ್ ಮೇಲೇ ಬತ್ತಿತ್ತು... ಅಣ್ಣ ಹಿಂದಿಂದ ನೀರಿಗೆ ನೂಕ್ಬಿಟ್ಟ."

ನಾನು ಅವನ ತೋಳು ಹಿಡಿದುಕೊಂಡೆ.

"ಹತ್ತಿ ಬಂದು ನೋಡಿದ್ರೆ ಕಟ್ಟೆ ಮೇಲೆ ಉರೀತಾ ಬಿದ್ದಿದ್ದ. ಅಲ್ಲೇ ಮಣ್ಣು ಮಾಡಿ ಬಂದೆ. ಅತ್ತಿಗೇಗೆ ಹೆಂಗ್ ಹೇಳ್ಲಿ?"

ಭಾವನವರನ್ನು ಊರವರು ತೆಂಗಿನ ತೋಟದಲ್ಲಿ ಸಮಾಧಿ ಮಾಡಿ ಮೂರು ದಿನವಾಗಿತ್ತು.

ಅಗೆದು ನೋಡೋಣವೆಂದು ರುದ್ರ ಹಟ ಹಿಡಿದ. ಅಕ್ಕ ಸಮಾಧಿಯ ಮೇಲೆ ಅಡ್ಡ ಮಲಗಿಬಿಟ್ಟಳು. ಈಗ ತಡೆಯಲು ಅವಳಿಲ್ಲ, ರುದ್ರನೂ ಇಲ್ಲ. ತೋಟ ನನ್ನದೇ... ಆದರೂ ಇಷ್ಟು ವರ್ಷಗಳಲ್ಲಿ ಆ ಮಣ್ಣಿಗೆ ಗುದ್ದಲಿ ಹಾಕಲು ನನಗೆ ಧೈರ್ಯ ಬಂದಿಲ್ಲ.