ಮೆಮೊರಿ ಬೋರ್ಡು ಮತ್ತು ನನ್ನ ಕೈಗುಣ

ನಮ್ಮ ಗಿರಣಿಗೆ ಹೊಸದೇನು ಬಂದರೂ ಮೊದಲು ನನ್ನಿಂದಲೇ ಚಾಲೂ ಮಾಡಿಸುತ್ತಿದ್ದರು. ಎಂಬತ್ತರ ದಶಕ, ಕೊಟ್ಟೂರಿನಾಚೆಯ ನೂಲಿನ ಗಿರಣಿ. ನನ್ನ ಕೈ ತಾಗಿದ ಮೋಟಾರು ಕೆಡುವುದಿಲ್ಲವೆಂದು ಹೆಸರಾಗಿತ್ತು. ನಮ್ಮೂರು ಕೂಡ್ಲಿಗಿಯಲ್ಲಿ ನೆರೆಮನೆಯ ಅಜ್ಜಿ ಬಿತ್ತನೆಯ ಮೊದಲ ಹಿಡಿ ಬೀಜ ಹಾಕಲೂ ನನ್ನನ್ನೇ ಕರೆಯುತ್ತಿದ್ದಳು. ನಾನೂ ಒಳಗೊಳಗೇ ಉಬ್ಬುತ್ತಿದ್ದೆ, ಅದರಲ್ಲೇನು ಮುಚ್ಚುಮರೆ.

ಕಂಪ್ಯೂಟರ್ ಕೋಣೆಯಲ್ಲಿ ನಾವಿಬ್ಬರೇ: ನಾನು ಮತ್ತು ನನಗೆ ಕೆಲಸ ಕಲಿಸಿದ ಉಜ್ಜಿನಿಯ ಹಿರಿಯರು. ಅವರನ್ನು ಅಣ್ಣ ಎನ್ನುತ್ತಿದ್ದೆ, ಬರೀ ಬಾಯಿಮಾತಿಗಲ್ಲ. ನನ್ನ ಬುತ್ತಿಯಲ್ಲಿ ದಿನವೂ ಅವರ ಪಾಲಿನ ರೊಟ್ಟಿ ಇರುತ್ತಿತ್ತು.

ಬೀರುವಿನಷ್ಟು ಎತ್ತರದ ಆ ಹಳೆಯ ಮಿನಿ ಕಂಪ್ಯೂಟರು ಮೆಮೊರಿ ಸಾಲದೆ ಪಗಾರದ ಕೆಲಸದ ನಡುವೆಯೇ ನಿಂತುಬಿಡುತ್ತಿತ್ತು. ಅಣ್ಣ ಮುಂಬೈಗೆ ಹೋಗಿ, ಬೇರೊಂದು ಯಂತ್ರದಿಂದ ಕಳಚಿದ ಮೆಮೊರಿ ಬೋರ್ಡು ತಂದರು. ಅದು ಖಾನೆಯಲ್ಲಿ ಅಳೆದು ಮಾಡಿದಂತೆ ಕೂರುತ್ತಿತ್ತು. ಆದರೆ ಕೂತರೆ ಸಾಲದಲ್ಲ. ಬೋರ್ಡುಗಳನ್ನು ಒಂದಕ್ಕೊಂದು ಜೋಡಿಸುವ ತಂತಿಗಳ ಸಾಲಿಗೆ ಬಸ್ ಎನ್ನುತ್ತಾರೆ. ಎರಡು ಯಂತ್ರಗಳ ಬಸ್ಸು ಹೊರಗಿನಿಂದ ಒಂದೇ ಥರ ಕಂಡರೂ, ಒಂದರಲ್ಲಿ ಮಾಹಿತಿ ಹೋಗುವ ಕಡೆ ಇನ್ನೊಂದರಲ್ಲಿ ಕರೆಂಟು ಹರಿಯುತ್ತಿರಬಹುದು.

"ಎರಡರ ಬಸ್ಸೂ ಒಂದ ಐತೇನಣ್ಣ?" ಎಂದು ಕೇಳಿದೆ.

"ಒಂದ ಐತಿ. ನೀನ ಹಾಕು ತಂಗಿ, ನಿನ್ನ ಕೈಗುಣ ಚಲೋ ಐತಿ."

ಮ್ಯಾನೇಜರರನ್ನೂ ಕರೆಸಿದ್ದರು. ಊದುಬತ್ತಿ ಹಚ್ಚಿದೆವು. ನಾನು ಬೋರ್ಡು ಒತ್ತಿ ಕೂರಿಸಿ, ಸ್ವಿಚ್ಚು ಹಾಕಿದೆ. ಚಟ್ ಎಂದಿತು, ಸುಟ್ಟ ವಾಸನೆ ಬಂತು. ಯಂತ್ರ ಮತ್ತೆ ಏಳಲಿಲ್ಲ.

"ಆಕಿ ಸೊಟ್ಟ ಹಾಕ್ಯಾಳ್ರಿ," ಎಂದರು ಅಣ್ಣ, ನನ್ನ ಕಡೆ ನೋಡದೆ.

ಗಾಬರಿಯಲ್ಲಿ ಅಂದಿರಬೇಕು ಎಂದುಕೊಂಡೆ. ರಿಪೇರಿಗೆ ಬೆಂಗಳೂರಿನಿಂದ ಬಂದ ಎಂಜಿನಿಯರು ಬೋರ್ಡು ನೋಡಿದವರೇ ಅಣ್ಣನತ್ತ ತಿರುಗಿದರು. "ಇದು ಬೇರೆ ಬಸ್ಸಿನದು, ಹಾಕಿದರೆ ಸುಡುತ್ತೆ ಅಂತ ಫೋನಿನಲ್ಲಿ ಹೇಳಿದ್ದೆನಲ್ಲ?" ಅಣ್ಣ ಕಿಟಕಿಯಾಚೆ ನೋಡಿದರು.

ಗೊತ್ತಿತ್ತು! ಗೊತ್ತಿದ್ದೂ ನನ್ನ ಕೈ ಮುಂದೆ ಮಾಡಿಸಿದ್ದರು. ತಾವು ತಂದ ತಪ್ಪು ಬೋರ್ಡನ್ನು ಮುಚ್ಚಿಹಾಕಲು ಅವರಿಗೆ ಬೇಕಾಗಿದ್ದದ್ದು ನನ್ನ ಕೈಗುಣ. ಅಂದಿನಿಂದ ಬುತ್ತಿ ಒಬ್ಬಳೇ ಬಿಚ್ಚಿದೆ.

ಎಂಜಿನಿಯರರ ಮಾತಿನಿಂದ ನನ್ನ ನೌಕರಿ ಉಳಿಯಿತು. ಆದರೆ ಯಂತ್ರ ಸುಟ್ಟ ಸುದ್ದಿ ಕೂಡ್ಲಿಗಿ ಮುಟ್ಟಿದಷ್ಟು ಬೇಗ ಆ ಮಾತು ಮುಟ್ಟಲಿಲ್ಲ. ಆ ವರ್ಷ ಬಿತ್ತನೆಯ ದಿನ ಎಂದಿನಂತೆ ತಲೆಗೆ ನೀರು ಹಾಕಿಕೊಂಡು ಹೊಸ್ತಿಲಲ್ಲಿ ಕಾಯುತ್ತಿದ್ದೆ.

"ಈ ಸಲ ನಮ್ಮ ಸೊಸಿ ಹಾಕ್ತಾಳ ಬಿಡವ್ವ," ಎಂದ ಅಜ್ಜಿ, ಬೀಜದ ಬುಟ್ಟಿಯ ಮೇಲೆ ಸೆರಗು ಎಳೆದುಕೊಂಡು ನನ್ನನ್ನು ದಾಟಿ ಹೋದಳು.