ಲಾರಿಯ ಎಡಮಗ್ಗುಲು

ನಮ್ಮ ಬೀದಿಯಲ್ಲಿ ಅವಳನ್ನು ಎಲ್ಲರೂ ಇಸ್ತ್ರಿ ಅಕ್ಕ ಅಂತಲೇ ಕರೆಯೋದು. ಅವಳಿಗಿಂತ ಹಿರಿಯರೂ ಅಕ್ಕ ಅನ್ನುತ್ತಾರೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಉದ್ದನೆಯ ಮೇಜು, ಅದರ ಮೇಲೆ ಮಡಚಿ ಹಾಸಿದ ಕಂಬಳಿ, ಕಂಬಳಿಯ ಮೇಲೆ ಅಲ್ಲಲ್ಲಿ ಸುಟ್ಟ ಕಲೆಯಿರುವ ಬಿಳಿ ಬಟ್ಟೆ, ಪಕ್ಕದಲ್ಲಿ ನೀರು ಚಿಮುಕಿಸುವ ಬಾಟಲಿ. ದಿನವಿಡೀ ನಿಂತೇ ಕೆಲಸ. ಅಂಗಿಯ ಕಾಲರಿನಿಂದ ಶುರು ಮಾಡಿ ತೋಳು ಮುಗಿಸುವಷ್ಟರಲ್ಲಿ ಗಿರಾಕಿಯ ಮನೆಯ ಸುದ್ದಿಯೆಲ್ಲ ಅವಳ ಕಿವಿಗೆ ಬಿದ್ದಿರುತ್ತಿತ್ತು. ಅದನ್ನು ಇನ್ನೊಬ್ಬರ ಕಿವಿಗೆ ಮಾತ್ರ ದಾಟಿಸುತ್ತಿರಲಿಲ್ಲ. ಅದಕ್ಕೇ ಆ ಅಂಗಡಿಗೆ ಅಷ್ಟು ಜನ. ಗಂಡ ಪ್ಲಂಬರ್; ಬೀದಿಯವರ ನಲ್ಲಿಗಳನ್ನೆಲ್ಲ ಸರಿಮಾಡಿ ತನ್ನ ಮನೆಯ ನಲ್ಲಿಯನ್ನು ಸೋರಲು ಬಿಟ್ಟ ಮನುಷ್ಯ.

ಮಧ್ಯಾಹ್ನದ ಮೇಲೆ ಬಟ್ಟೆಗಳನ್ನು ಗಂಟು ಕಟ್ಟಿ, ಮೊಪೆಡ್ ಮೇಲಿಟ್ಟುಕೊಂಡು ಮನೆಮನೆಗೆ ಮುಟ್ಟಿಸಿ ಬರುತ್ತಿದ್ದಳು. ಹಾಗೆ ಹೋದ ಒಂದು ದಿನ ದೊಡ್ಡ ರಸ್ತೆಯ ಸಿಗ್ನಲ್‌ನಲ್ಲಿ ಕೆಂಪು ದೀಪ ಬಿದ್ದಿತ್ತು. ಸಿಮೆಂಟ್ ತುಂಬಿದ ಲಾರಿಯೊಂದು ನಿಂತಿತ್ತು. ಅದರ ಎಡಗಡೆ ಜಾಗವಿತ್ತು. ಎಲ್ಲರೂ ಮಾಡುವ ಹಾಗೆ ಇವಳೂ ಆ ಸಂದಿಯಲ್ಲಿ ಮುಂದೆ ಹೋಗಿ, ಲಾರಿಯ ಮುಂದಿನ ಚಕ್ರದ ಪಕ್ಕ ಕಾಲೂರಿ ನಿಂತಳು. ಹಸಿರು ದೀಪ ಬಂತು. ಅವಳು ನೇರ ಹೋಗಬೇಕು. ಲಾರಿ ಎಡಕ್ಕೆ ತಿರುಗಿತು. ಲಾರಿಯ ಮೂಲೆ ಮೊಪೆಡ್‌ಗೆ ತಗುಲಿ ಅವಳು ಬಿದ್ದಳು. ಎಡಗಾಲಿನ ಹರಡಿನ ಮೇಲೆ ಚಕ್ರ ಹತ್ತಿತು.

ಜನ ಲಾರಿಯ ಬಾಗಿಲು ಬಡಿದ ಮೇಲೆಯೇ ಡ್ರೈವರ್‌ಗೆ ಗೊತ್ತಾದದ್ದು. ಅವನು ಓಡಿಹೋಗಲಿಲ್ಲ. ಇಳಿದು ಬಂದು ಗಂಟಿನಲ್ಲಿದ್ದ ಅಂಗಿಗಳನ್ನೇ ಎಳೆದು ಅವಳ ಕಾಲಿಗೆ ಸುತ್ತಿದ. "ಕಾಣಲಿಲ್ಲ ಅಕ್ಕ, ಆಣೆ ಮಾಡಿ ಹೇಳ್ತೀನಿ, ಕಾಣಲಿಲ್ಲ" ಅಂತ ಅದೊಂದೇ ಮಾತು ಹೇಳುತ್ತಿದ್ದ. ಆ ನೋವಿನಲ್ಲೂ ಅವಳಿಗೆ ಸಿಟ್ಟು ಬಂದದ್ದು ಆ ಮಾತಿಗೆ. ಇಷ್ಟು ದೊಡ್ಡ ಹೆಂಗಸು, ಅಷ್ಟು ದೊಡ್ಡ ಬಟ್ಟೆ ಗಂಟು, ಕಾಣಲಿಲ್ಲ ಅಂದರೆ ಹೇಗೆ?

ಆಸ್ಪತ್ರೆಯಲ್ಲಿ ಕಾಲು ಉಳಿಸಿದರು. ಒಳಗೆ ಪ್ಲೇಟು, ಸ್ಕ್ರೂ ಎಲ್ಲ ಹಾಕಿದರು. ಹರಡು ಮೊದಲಿನಂತೆ ಬಾಗುವುದಿಲ್ಲ, ಹೆಚ್ಚು ಹೊತ್ತು ನಿಲ್ಲುವ ಕೆಲಸ ಆಗುವುದಿಲ್ಲ ಅಂದರು. ಗಂಡ ಮಂಚದ ಪಕ್ಕ ಕೂತು, "ನನ್ನ ಹತ್ರ ಹೇಳಿದ್ರೆ ಪೈಪು ನಾನೇ ಹಾಕ್ತಿರಲಿಲ್ವಾ" ಅಂದ. ಅವಳಿಗೆ ನಗು ಬಂದು, ನಗುವಿನ ಹಿಂದೆಯೇ ಅಳುವೂ ಬಂತು.

ಕೇಸು ಎರಡು ಕಡೆ ನಡೆಯಿತು. ಅಜಾಗರೂಕತೆ ಅಂತ ಪೊಲೀಸರು ಡ್ರೈವರ್ ಮೇಲೆ ಹಾಕಿದ್ದು ಒಂದು. ಪರಿಹಾರಕ್ಕೆ ಇವಳು ಹಾಕಿದ್ದು ಇನ್ನೊಂದು. ಅದರಲ್ಲಿ ಡ್ರೈವರ್, ಲಾರಿಯ ಕಂಪನಿ, ವಿಮೆಯವರು ಮೂವರೂ ಎದುರುದಾರರು. ಇವಳ ಪರ ನಿಂತವಳು ಗಿರಾಕಿಯೇ ಆದ ಒಬ್ಬ ವಕೀಲೆ. ಅವಳ ಕಪ್ಪು ಕೋಟು ಇಸ್ತ್ರಿಯಾಗುತ್ತಿದ್ದದ್ದು ಇದೇ ಮೇಜಿನ ಮೇಲೆ. ನಮ್ಮ ಬೀದಿಗೆ ಅವಳು ಲಾಯರಮ್ಮ.

ಒಂದು ದಿನ ಕಂಪನಿಯ ಕಡೆಯವರೊಬ್ಬರು ಮನೆಗೆ ಬಂದರು. ಬಹಳ ಮರ್ಯಾದೆಯ ಮನುಷ್ಯ, ಚಪ್ಪಲಿ ಹೊರಗೇ ಬಿಟ್ಟು ಬಂದರು.

"ಅಮ್ಮ, ಇದು ವರ್ಷಗಟ್ಟಲೆ ಎಳೆಯೋದು ಬೇಡ. ಡ್ರೈವರ್ ಫೋನಲ್ಲಿ ಮಾತಾಡ್ತಿದ್ದ ಅಂತ ನೀವು ಹೇಳಿಬಿಟ್ರೆ ಬೇಗ ಮುಗಿಯುತ್ತೆ."

"ನಾನು ನೋಡಿಲ್ಲವಲ್ಲ."

"ಎಲ್ಲ ಡ್ರೈವರುಗಳೂ ಮಾತಾಡ್ತಾರೆ ಬಿಡಿ."

"ಆಡಿರಬಹುದು. ನಾನು ನೋಡಿಲ್ಲ."

ಅವರು ಹೋದ ಮೇಲೆ ಗಂಡ ಗೊಣಗಿದ. "ಹೇಳಿಬಿಡಬಾರದಿತ್ತಾ? ನಿನಗೇನು ಅವನ ಮೇಲೆ ಪ್ರೀತಿಯಾ?"

"ಪ್ರೀತಿ ಎಲ್ಲಿ ಬಂತು ರೀ? ಅವನ ಮುಖ ನೆನಪಾದ್ರೆ ಮೈ ಉರಿಯುತ್ತೆ. ಆದ್ರೂ ನೋಡದೇ ಇರೋದನ್ನ ನೋಡ್ದೆ ಅಂತ ಹೇಗೆ ಹೇಳ್ಲಿ?"

ಕಂಪನಿಯವರು ಮನೆಯವರೆಗೆ ಬಂದದ್ದೇಕೆ ಅಂತ ಲಾಯರಮ್ಮ ಬಿಡಿಸಿ ಹೇಳಿದಳು. ಡ್ರೈವರ್ ತನ್ನ ಹೇಳಿಕೆಯಲ್ಲಿ, ಎಡಗಡೆ ಬಾಗಿಲ ಮೇಲಿಂದ ನೆಲ ತೋರಿಸುವ ಕನ್ನಡಿ ಒಡೆದುಹೋಗಿತ್ತು, ಹೊಸದು ಹಾಕಿಸಿ ಅಂತ ಸೂಪರ್‌ವೈಸರ್‌ಗೆ ಹೇಳುತ್ತಲೇ ಇದ್ದೆ ಅಂದಿದ್ದ. ಲಾರಿಯಲ್ಲೇ ಕೊರತೆಯಿತ್ತು ಅಂತ ರುಜುವಾತಾದರೆ ವಿಮೆಯವರು ಕೈ ಎತ್ತುತ್ತಾರೆ, ಭಾರ ಕಂಪನಿಯ ತಲೆಗೆ ಬರುತ್ತದೆ. ಫೋನಿನ ಕಥೆ ನಂಬಿಸಿದರೆ ತಪ್ಪೆಲ್ಲ ಡ್ರೈವರ್‌ದಾಗಿ ದುಡ್ಡು ವಿಮೆಯವರೇ ಕೊಡುತ್ತಾರೆ, ಕಂಪನಿ ಪಾರು.

ಲಾರಿಯನ್ನು ನೋಡಲು ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. ಕಂಪನಿಯ ಶೆಡ್ಡಿಗೆ ಎರಡೂ ಕಡೆಯ ವಕೀಲರು ಹೋದರು. ಇಸ್ತ್ರಿ ಅಕ್ಕ ಕೋಲೂರಿಕೊಂಡು, ಗಂಡನ ಜೊತೆ ತಾನೂ ಹೊರಟಳು. ಅಲ್ಲಿ ಹೋದ ಮೇಲೆ, "ನಾನು ಮೇಲೆ ಹತ್ತಿ ಕೂರಬೇಕು" ಅಂದಳು. ಯಾರಿಗೂ ಬೇಡ ಅನ್ನಲು ಕಾರಣ ಸಿಗಲಿಲ್ಲ. ಗಂಡ ಕೆಳಗಿನಿಂದ ತಳ್ಳಿದ, ಶೆಡ್ಡಿನ ಮೆಕ್ಯಾನಿಕ್ ಮೇಲಿನಿಂದ ಕೈ ಕೊಟ್ಟು ಎಳೆದ. ಅಂತೂ ಡ್ರೈವರ್ ಸೀಟಿನಲ್ಲಿ ಕೂತಳು. ಗಂಡನಿಗೆ, "ನಾನು ಅವತ್ತು ನಿಂತಿದ್ದ ಜಾಗದಲ್ಲಿ ನಿಲ್ಲಿ" ಅಂದಳು.

ಎಡಗಡೆ ಕಿಟಕಿಯಲ್ಲಿ ನೋಡಿದಳು. ಶೆಡ್ಡಿನ ಗೋಡೆ ಕಂಡಿತು, ಗೋಡೆಗೆ ಒರಗಿಸಿಟ್ಟ ಟೈರುಗಳು ಕಂಡವು. ಗಂಡ ಕಾಣಲಿಲ್ಲ. ಉದ್ದನೆಯ ಕನ್ನಡಿಯಲ್ಲಿ ಲಾರಿಯ ಹಿಂಭಾಗ, ಖಾಲಿ ನೆಲ.

"ರೀ, ಎಲ್ಲಿದ್ದೀರಿ?"

"ಇಲ್ಲೇ ಇದ್ದೀನಿ ಕಣೇ. ಚಕ್ರದ ಪಕ್ಕ."

"ಕೈ ಎತ್ತಿ."

ಕಿಟಕಿಯ ಅಂಚಿನಲ್ಲಿ ನಾಲ್ಕು ಬೆರಳುಗಳ ತುದಿ ಆಡಿದವು. ಅಷ್ಟೇ. ತನ್ನ ಜೊತೆ ಇಷ್ಟು ವರ್ಷ ಬಾಳಿದ ಮನುಷ್ಯ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದಾನೆ, ಮಾತಾಡುತ್ತಿದ್ದಾನೆ, ಕಾಣುತ್ತಿಲ್ಲ.

ಕಂಪನಿಯ ವಕೀಲರು ಬಾಗಿಲ ಮೇಲಿನ ಪುಟ್ಟ ಕನ್ನಡಿ ತೋರಿಸಿದರು. "ಅದರಲ್ಲಿ ನೋಡಿ." ನೋಡಿದರೆ ಗಂಡನ ಬೋಳುತಲೆಯಿಂದ ಚಪ್ಪಲಿಯವರೆಗೆ ಇಡೀ ಮನುಷ್ಯ ಅದರಲ್ಲಿದ್ದ. "ಕನ್ನಡಿ ಇದೆ. ಡ್ರೈವರ್ ನೋಡಿಲ್ಲ, ಅಷ್ಟೇ" ಅಂದರು ವಕೀಲರು.

ಲಾಯರಮ್ಮ ಮೆಕ್ಯಾನಿಕ್ ಕಡೆ ತಿರುಗಿ, "ಇದು ಯಾವಾಗ ಹಾಕಿದ್ದು?" ಅಂತ ಕೇಳಿದಳು.

"ಹೊಸದು ಮೇಡಂ. ಗಾಡಿ ಪೊಲೀಸ್ ಸ್ಟೇಷನ್ನಿಂದ ಬಿಡಿಸಿಕೊಂಡು ಬಂದ ಮೇಲೆ ನಾನೇ ಹಾಕಿದ್ದು" ಅಂದ ಅವನು, ತನ್ನ ಕೆಲಸ ಮೆಚ್ಚಿ ಕೇಳಿದರು ಅಂದುಕೊಂಡು. ಕಂಪನಿಯವರ ಮುಖ ಸಣ್ಣದಾಯಿತು. ಮುಂದೆ ಆ ಮಾತನ್ನೇ ಅವನು ಸಾಕ್ಷಿ ಕಟ್ಟೆಯಲ್ಲೂ ಹೇಳಬೇಕಾಯಿತು. ಹೇಳಿದ.

ಇವಳ ಸಾಕ್ಷಿಯ ದಿನ ಕೋರ್ಟಿನ ವರಾಂಡದಲ್ಲಿ ಡ್ರೈವರ್ ಕಂಬಕ್ಕೆ ಒರಗಿ ನಿಂತಿದ್ದ. ಕೆಲಸ ಹೋಗಿತ್ತು, ಗಡ್ಡ ಬಂದಿತ್ತು. ಇವಳು ಬೆಂಚಿನ ಮೇಲೆ ಕೂತೇ ಕರೆದಳು.

"ಆ ಸೀಟಲ್ಲಿ ನಾನೂ ಕೂತು ನೋಡಿದೆ. ಕಾಣಲ್ಲ, ನಿಜ. ಕಾಣಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತಲ್ಲ. ಮತ್ತೆ ಯಾಕೆ ತಿರುಗಿಸಿದ್ರಿ?"

"ದಿನಾ ಹಾಗೇ ತಿರುಗಿಸ್ತಿದ್ದೆ ಅಕ್ಕ. ಯಾರೂ ಇರಲ್ಲ ಅಂದ್ಕೊಂಡು. ದಿನಾ ಯಾರೂ ಇರ್ತಿರಲಿಲ್ಲ. ಅವತ್ತು ನೀವಿದ್ರಿ."

ಅಷ್ಟರಲ್ಲಿ ಅವಳ ಹೆಸರು ಕೂಗಿದರು.

ಕಂಪನಿಯ ವಕೀಲರು ಕೇಳಿದರು, "ಲಾರಿಯ ಇಂಡಿಕೇಟರ್ ಉರೀತಿತ್ತಾ?"

"ಗೊತ್ತಿಲ್ಲ ಸ್ವಾಮಿ. ನಾನು ನೋಡ್ಲಿಲ್ಲ. ಸಿಗ್ನಲ್ ದೀಪ ನೋಡ್ತಿದ್ದೆ."

ಲಾಯರಮ್ಮ ಕಣ್ಣು ಮುಚ್ಚಿಕೊಂಡಳು. ಉರಿಯುತ್ತಿರಲಿಲ್ಲ ಅಂದಿದ್ದರೆ ಇಲ್ಲ ಅನ್ನುವವರು ಯಾರೂ ಇರಲಿಲ್ಲ.

"ಡ್ರೈವರ್ ಫೋನಲ್ಲಿ ಮಾತಾಡ್ತಿದ್ದನಾ?"

"ಅದನ್ನೂ ನೋಡಿಲ್ಲ."

ತೀರ್ಪು ಬರಲು ಇನ್ನೂ ಬಹಳ ಕಾಲ ಹಿಡಿಯಿತು. ನ್ಯಾಯಾಧೀಶರು ನಿಧಾನವಾಗಿ ಓದಿದರು. ಕಾಣಲಿಲ್ಲ ಅನ್ನುವುದು ಸಬೂಬಾಗುವುದಿಲ್ಲ. ತನಗೆ ಕಾಣದ ಜಾಗವಿದೆ ಅಂತ ಗೊತ್ತಿರುವವನು ಇನ್ನೂ ಹೆಚ್ಚು ಎಚ್ಚರದಿಂದ ತಿರುಗಿಸಬೇಕು. ಆದರೆ ಆ ಜಾಗ ತೋರಿಸುವ ಕನ್ನಡಿಯಿಲ್ಲದೆ ಲಾರಿಯನ್ನು ರಸ್ತೆಗೆ ಕಳಿಸಿದವರ ತಪ್ಪು ಎಲ್ಲಕ್ಕಿಂತ ದೊಡ್ಡದು. ಹೀಗೆ ಹೊಣೆಯ ಬಹುಪಾಲು ಕಂಪನಿಗೆ, ಒಂದು ಪಾಲು ಡ್ರೈವರ್‌ಗೆ. ಇಂಡಿಕೇಟರ್ ನೋಡದೆ ಲಾರಿಯ ಪಕ್ಕಕ್ಕೆ ನುಗ್ಗಿ ನಿಂತದ್ದಕ್ಕೆ ಸಣ್ಣದೊಂದು ಪಾಲು ಇವಳಿಗೂ.

ಹೊರಗೆ ಬಂದ ಮೇಲೆ ಗಂಡ ಕುದಿಯುತ್ತಿದ್ದ. "ಕಾಲು ಮುರಿದುಕೊಂಡವಳಿಗೂ ತಪ್ಪಿನಲ್ಲಿ ಪಾಲಾ? ನೀನು ಸುಮ್ಮನೆ ಇಂಡಿಕೇಟರ್ ಇರಲಿಲ್ಲ ಅಂದಿದ್ದರೆ ಆಗ್ತಿತ್ತು."

ಅವಳಿಗೂ ಬೇಸರವಾಗಿತ್ತು. ಮೇಲಿನ ಕೋರ್ಟಿಗೆ ಹೋಗಬಹುದು ಅಂತ ಲಾಯರಮ್ಮ ಹೇಳಿದ್ದಳು. ಇಸ್ತ್ರಿ ಅಕ್ಕ ಎರಡು ದಿನ ಯೋಚನೆ ಮಾಡಿ, ಬೇಡ ಅಂದಳು. "ನನ್ನ ಪಾಲು ಅಂತ ಬರೆದಿದ್ದು ಓದುವಾಗ ಚುಚ್ಚಿತು. ಆಮೇಲೆ ಯೋಚನೆ ಮಾಡಿದ್ರೆ, ನಿಜವಾಗ್ಲೂ ನಾನು ನೋಡಿರಲಿಲ್ಲ. ನಿಂತಿದ್ದ ಲಾರಿ ಅಂದ್ರೆ ನಿಂತಿದ್ದ ಗೋಡೆ ಅಂದ್ಕೊಂಡಿದ್ದೆ." ಕಂಪನಿಯೂ ಮುಂದೆ ಹೋಗಲಿಲ್ಲ; ತನ್ನ ಎಲ್ಲ ಲಾರಿಗಳಿಗೂ ಆ ಕನ್ನಡಿ ಹಾಕಿಸಿತು ಅಂತ ಮೆಕ್ಯಾನಿಕ್ ಹೇಳಿದ. ಡ್ರೈವರ್‌ಗೆ ಪೊಲೀಸರ ಕೇಸಿನಲ್ಲಿ ದಂಡವಾಯಿತು, ಸ್ವಲ್ಪ ಕಾಲ ಲೈಸೆನ್ಸ್ ಹೋಯಿತು.

ಈಗ ಅಂಗಡಿಯಲ್ಲಿ ಎತ್ತರದ ಸ್ಟೂಲ್ ಬಂದಿದೆ. ಗಂಡ ಮೇಜಿನ ಕಾಲುಗಳನ್ನು ಕೊಯ್ದು ಅದಕ್ಕೆ ಹೊಂದಿಸಿದ, ಒಂದು ಕಾಲು ಮಾತ್ರ ಜಾಸ್ತಿ ಕೊಯ್ದು ಅದರ ಕೆಳಗೆ ರಟ್ಟು ಮಡಚಿಟ್ಟ. ಕೂತು ಇಸ್ತ್ರಿ ಮಾಡುವುದು ಅವಳಿಗೆ ಮೊದಮೊದಲು ಒಗ್ಗಲಿಲ್ಲ, ಭಾರ ಬೀಳದೆ ಗೆರೆ ಸರಿಯಾಗಿ ಕೂರುತ್ತಿರಲಿಲ್ಲ. ಈಗ ಕೂರುತ್ತದೆ.

ಮೊನ್ನೆ ಡ್ರೈವರ್ ಬಂದಿದ್ದ. ಹೊಸ ಕೆಲಸ ಸಿಕ್ಕಿದೆಯಂತೆ, ಹಾಲಿನ ವ್ಯಾನು. ಹೊಸ್ತಿಲಾಚೆಯೇ ನಿಂತಿದ್ದವನನ್ನು ಅವಳೇ ಒಳಗೆ ಕರೆದಳು.

"ಪ್ರತಿ ಸಲ ಇಳಿದು, ಗಾಡಿ ಸುತ್ತ ಒಂದು ಸುತ್ತು ಬಂದು ನೋಡಿಯೇ ಹೊರಡಿಸ್ತೀನಿ ಅಕ್ಕ. ಜೊತೆಯವರು ನಗ್ತಾರೆ, ಪ್ರದಕ್ಷಿಣೆ ಆಯ್ತಾ ಅಂತ."

"ನಗಲಿ ಬಿಡಿ" ಅಂದಳು ಅವಳು. ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಕಾಫಿ ಮಾಡಲು ಗಂಡನನ್ನು ಕೂಗಿದಳು.