ಹಗ್ಗದ ಇನ್ನೊಂದು ತುದಿ

ಮೊನ್ನೆ ಕಾಲುವೆಗೆ ನೀರು ಬಿಟ್ಟರು. ಸಿಂಧನೂರಿನಲ್ಲಿ ಇಷ್ಟು ವರ್ಷ ಬಾಳಿದವನಿಗೆ ಅದನ್ನು ಯಾರೂ ಬಂದು ಹೇಳಬೇಕಾಗಿಲ್ಲ, ಮೂಗೇ ಹೇಳುತ್ತದೆ. ಬೇಸಿಗೆಯೆಲ್ಲ ಬಾಯಿಬಿಟ್ಟುಕೊಂಡಿದ್ದ ಕರಿಮಣ್ಣು, ಕೊಳೆತ ಎಲೆ, ಕಲ್ಲಿಗಂಟಿದ ಹಳೆಯ ಪಾಚಿ, ಎಲ್ಲವನ್ನೂ ಬಳಿದುಕೊಂಡು ಬರುವ ಮೊದಲ ನೀರಿಗೆ ಒಂದು ವಾಸನೆ ಇದೆ. ಅದನ್ನು ಸುವಾಸನೆ ಎಂದರೆ ನೀವು ನಗುತ್ತೀರಿ, ಬಿಡಿ. ಮಾಳಿಗೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದೆ, ಗಾಳಿ ಆ ಕಡೆಯಿಂದ ಬೀಸಿತು, ಚಹಾ ಆರಿಹೋಗುವ ತನಕ ಹಾಗೇ ಕೂತುಬಿಟ್ಟೆ. ಕೆಳಗೆ ನಮ್ಮಾಕೆ ಕಮಲಾಳ ಮೂಗಿಗೂ ಬಡಿದಿರಬೇಕು. "ನೀರು ಬಂತು ನೋಡ್ರಿ. ಹಗ್ಗ ತೆಗೀಲೇನು?" ಎಂದು ಕೂಗಿದಳು.

ನನ್ನನ್ನು ನಗಿಸಲೆಂದೇ ಆ ಮಾತು. ಯಾಕೆಂದರೆ ಅದರ ಹಿಂದಿನ ದಿನದಿಂದ ನನ್ನ ಮುಖ ಗಂಟಿಕ್ಕಿಕೊಂಡಿತ್ತು. ರಾಯಚೂರಿಗೆ ರಕ್ತ ಕೊಡಲು ಹೋಗಿದ್ದವನು ಕೊಡದೆ ವಾಪಸ್ ಬಂದಿದ್ದೆ. ನರ್ಸಮ್ಮ ನನ್ನ ಕಾರ್ಡು ನೋಡಿ, ಮತ್ತೊಮ್ಮೆ ನನ್ನ ಮುಖ ನೋಡಿ, ಸರ್ ನಿಮಗೆ ಅರವತ್ತೈದು ದಾಟಿದೆ, ಇನ್ನು ತೆಗೆದುಕೊಳ್ಳಲು ಬರುವುದಿಲ್ಲ ಎಂದಳು. ಅವಳದೇನೂ ತಪ್ಪಿಲ್ಲ, ನಿಯಮ. ಅರವತ್ತೈದು ಎಂದರೆ ಅರವತ್ತೈದೇ ಎಂಬುದು ಜೀವನವಿಡೀ ಗಣಿತ ಕಲಿಸಿದವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಆದರೂ ಏರಿಸಿದ್ದ ಅಂಗಿಯ ತೋಳನ್ನು ಇಳಿಸಿಕೊಂಡು ಹೊರಬಿದ್ದಾಗ ಯಾರೋ ಪಂಕ್ತಿಯಿಂದ ಎಬ್ಬಿಸಿ ಕಳಿಸಿದಂತಾಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಪಾಮನಕಲ್ಲೂರಿನ ಬಸಲಿಂಗಪ್ಪನ ಮುಖವೇ ಕಣ್ಣ ಮುಂದೆ. ಆ ಬಸಲಿಂಗಪ್ಪನೂ ಕಮಲಾ ಹೇಳಿದ ಹಗ್ಗವೂ ಒಂದೇ ಸಂಗತಿಗೆ ಸೇರಿದವರು. ಪುರಸೊತ್ತಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ.

ನನ್ನ ಸರ್ವಿಸಿನ ಬಹುಪಾಲು ಮಸ್ಕಿಯ ಹೈಸ್ಕೂಲಿನಲ್ಲಿ ಕಳೆಯಿತು. ಮನೆ ಸಿಂಧನೂರಿನಲ್ಲಿ, ದಿನಾ ಬಸ್ಸು. ನಿವೃತ್ತಿಗೆ ಇನ್ನೂ ಐದಾರು ವರ್ಷವಿದ್ದಾಗ ಪಾಮನಕಲ್ಲೂರಿನಿಂದ ಪಾರ್ವತಿ ಎಂಬ ಹುಡುಗಿ ಎಂಟನೆಯ ತರಗತಿಗೆ ಬಂದಳು. ಎಲ್ಲರ ಬಾಯಲ್ಲೂ ಪಾರು. ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಅದರ ಎರಡರಷ್ಟು. ಆದರೆ ತಿಂಗಳು ಮುಗಿಯುತ್ತ ಬಂದಂತೆ ಹುಡುಗಿ ಬಿಳಿಚಿಕೊಂಡು, ಮಾತು ಕಡಿಮೆಯಾಗಿ, ಬೆಂಚಿಗೆ ತಲೆಯಿಟ್ಟು ಮಲಗುವಳು. ಎರಡು ದಿನ ಗೈರುಹಾಜರಿ. ಆಮೇಲೆ ಕೆನ್ನೆ ಕೆಂಪಗೆ ಮಾಡಿಕೊಂಡು ಬಂದಳೆಂದರೆ ಮತ್ತೆ ಬಾಯಿ ಶುರು. ಹುಟ್ಟಿನಿಂದ ಬಂದ ಥಲಸ್ಸೇಮಿಯಾ. ಮೈ ತಾನಾಗಿ ಸಾಕಷ್ಟು ರಕ್ತ ಮಾಡಿಕೊಳ್ಳುವುದಿಲ್ಲ, ತಿಂಗಳಿಗೊಮ್ಮೆ ಬೇರೆಯವರದನ್ನು ಏರಿಸಿಕೊಂಡರೆ ಮುಂದಿನ ತಿಂಗಳು ಕಾಣಬೇಕು. ರಾಯಚೂರಿನ ರಕ್ತ ಕೇಂದ್ರದಲ್ಲಿ ಇದ್ದರೆ ಕೊಡುತ್ತಿದ್ದರು. ಜನ ಕೊಟ್ಟರೆ ತಾನೆ ಅಲ್ಲಿರುವುದು? ಬೇಸಿಗೆ ಬಂತೆಂದರೆ ಪಾರುವಿನ ಅಪ್ಪ ಕಂಡಕಂಡವರ ಮುಂದೆ ಕೈಮುಗಿದು ನಿಲ್ಲುತ್ತಿದ್ದ. ಕೊಡುವವರು ಸಿಗದ ತಿಂಗಳು ಹುಡುಗಿ ಒಂದೊಂದು ದಿನಕ್ಕೂ ಬತ್ತಿಹೋಗುವುದನ್ನು ನಾನು ಕರಿಹಲಗೆಯ ಪಕ್ಕ ನಿಂತು ನೋಡಬೇಕಾಗಿತ್ತು.

ರಕ್ತ ಕೇಂದ್ರದ ಡಾಕ್ಟರು ನನಗೆ ಪರಿಚಯದವರು, ಓಟದ ಹುಚ್ಚಿನವರು. ಒಂದು ದಿನ ಈ ಟ್ರಯಥ್ಲಾನ್ ಎಂಬುದನ್ನು ನನ್ನ ತಲೆಗೆ ತುಂಬಿದರು. ಸಮುದ್ರದಲ್ಲಿ ಎರಡು ಕಿಲೋಮೀಟರಿನಷ್ಟು ಈಜು, ಬಟ್ಟೆ ಆರುವ ಮೊದಲೇ ತೊಂಬತ್ತು ಕಿಲೋಮೀಟರ್ ಸೈಕಲ್, ಇಳಿದ ಮೇಲೆ ಇಪ್ಪತ್ತೊಂದು ಓಟ, ಎಲ್ಲವೂ ಒಂದೇ ದಿನದಲ್ಲಿ. ನೀವು ಇದನ್ನು ಮಾಡಿ, ಓಡುವ ಕಿಲೋಮೀಟರಿಗೊಬ್ಬರಂತೆ ರಕ್ತ ಕೊಡುವವರನ್ನು ಹುಡುಕೋಣ, ಮಾಸ್ತರರು ಈ ವಯಸ್ಸಿನಲ್ಲಿ ಓಡುತ್ತಾರೆಂದರೆ ಜನ ನಿಂತು ಕೇಳುತ್ತಾರೆ ಎಂದರು. ಐವತ್ತು ದಾಟಿದವನನ್ನು ಯಾರಾದರೂ ಹೊಗಳಿದರೆ ಬುದ್ಧಿ ನೆಟ್ಟಗಿರುವುದಿಲ್ಲ. ಹೂಂ ಎಂದು ಬಂದೆ. ಮನೆಗೆ ಬಂದ ಮೇಲೆ ನೆನಪಾಯಿತು, ನನಗೆ ಈಜು ಬರುವುದಿಲ್ಲ.

ಕಮಲಾ ಆ ದಿನ ನಕ್ಕಷ್ಟು ಮತ್ತೆಂದೂ ನಕ್ಕಿಲ್ಲ. ನಕ್ಕು ಮುಗಿಸಿ, ಅಟ್ಟದ ಮೇಲಿದ್ದ ಬಾವಿಯ ಹಗ್ಗ ತೆಗೆದು ನನ್ನ ಸೊಂಟಕ್ಕೆ ಕಟ್ಟಿದಳು. ಬಂಗಾಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಕಡೆ, ನೀರು ನಿಧಾನಕ್ಕೆ ಹರಿಯುವ ಸಣ್ಣ ಕಾಲುವೆಯೊಂದರಲ್ಲಿ ಅಲ್ಲಿನ ಹುಡುಗರು ಮೀನಿನ ಮರಿಗಳಂತೆ ಆಡುತ್ತಿದ್ದರು. ಅವರ ನಡುವೆ ನಾನು ಕೈಕಾಲು ಬಡಿಯುವುದು. ದಂಡೆಯ ಮೇಲೆ ಕಮಲಾ ಹಗ್ಗದ ಇನ್ನೊಂದು ತುದಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು, ಮಡಿಲಲ್ಲಿ ಮೆಂತ್ಯದ ಸೊಪ್ಪು ಸೋಸುತ್ತ ಕೂರುವುದು. ದಾರಿಹೋಕನೊಬ್ಬ ಹಗ್ಗ ನೀರಿಗಿಳಿದಿದ್ದು ನೋಡಿ, ಅಕ್ಕಾರು ಎಮ್ಮಿ ಮೈ ತೊಳ್ಯಾಕ ಬಂದೀರೇನ್ರಿ ಎಂದು ಕೇಳಿದನಂತೆ. ಹೌದಪ್ಪ, ಹಾಲು ಮಾತ್ರ ಕೊಡಂಗಿಲ್ಲ ಎಂದಳಂತೆ ಇವಳು. ನಾನು ನೀರೊಳಗಿದ್ದೆ, ಕೇಳಿಸಲಿಲ್ಲ. ಮನೆಗೆ ಬಂದು ಊಟಕ್ಕೆ ಬಡಿಸುತ್ತ ಹೇಳಿದಳು.

ಈಜು ಹೇಗೋ ಬಂತು. ಸೈಕಲ್ಲಿಗೆ ದಾರಿ ಇದ್ದೇ ಇತ್ತು: ಸಿಂಧನೂರಿನಿಂದ ಮಸ್ಕಿ, ರಜೆಯ ದಿನ ಅಲ್ಲಿಂದ ಮುಂದೆ ಲಿಂಗಸುಗೂರು, ಅಲ್ಲಿ ಬಸ್‌ಸ್ಟ್ಯಾಂಡಿನ ಎದುರು ಒಂದು ಪ್ಲೇಟು ಒಗ್ಗರಣೆ ಮಂಡಕ್ಕಿ, ಮತ್ತೆ ವಾಪಸ್. ಫಜೀತಿಯಾದದ್ದು ಓಟದಲ್ಲಿ. ನಮ್ಮ ಸೀಮೆಯಲ್ಲಿ ದೊಡ್ಡವರು ಸುಮ್ಮನೆ ಓಡುವುದಿಲ್ಲ ನೋಡಿ. ಓಡುತ್ತಿದ್ದಾರೆಂದರೆ ಯಾರಿಗೋ ಏನೋ ಆಗಿದೆ. ತುರ್ವಿಹಾಳದ ದಾರಿಯಲ್ಲಿ ದಿನಕ್ಕೊಬ್ಬರಾದರೂ ಬೈಕು ನಿಲ್ಲಿಸಿ, ಯಾರರ ತೀರಿಕೊಂಡಾರೇನ್ರಿ ಎಂದು ಮರುಗಿದ ದನಿಯಲ್ಲಿ ಕೇಳಿ, ಹತ್ತಿಸಿಕೊಳ್ಳಲು ಬರುತ್ತಿದ್ದರು. ಟ್ರ್ಯಾಕ್ಟರಿನವನೊಬ್ಬ ನಾನು ಬೇಡವೆಂದದ್ದಕ್ಕೆ ಸಿಟ್ಟಾಗಿ, ನಮ್ಮ ಗಾಡಿ ಹತ್ತಿದರೆ ಮಾಸ್ತರರ ಮರ್ಯಾದೆ ಹೋಗುತ್ತದೇನೋ ಎಂದು ಗೊಣಗಿಕೊಂಡು ಹೋದ. ಹೀಗೆ ಒಂದು ವರ್ಷ ನಾನು ಇಡೀ ತಾಲೂಕಿನ ಒಳ್ಳೆಯತನಕ್ಕೆ ಬೇಡ ಬೇಡ ಎನ್ನುತ್ತ ಓಡಿದೆ.

ಕ್ರಮೇಣ ಜನ ತಮಗೆ ತಾವೇ ಒಂದು ಉತ್ತರ ಹುಡುಕಿಕೊಂಡರು. ಮಾಸ್ತರು ಹರಕೆ ಹೊತ್ತಿದ್ದಾರೆ ಎಂದು. ಯುಗಾದಿಯ ಮುಂದೆ ಶ್ರೀಶೈಲಕ್ಕೆ ಬರಿಗಾಲಲ್ಲಿ ನಡೆದು ಹೋಗುವವರನ್ನು ನೋಡಿ ಬೆಳೆದ ಜನ, ಅವರಿಗೆ ಬೇರೆ ಹೇಗೆ ಅರ್ಥವಾಗಬೇಕು? ನಮ್ಮ ಅಪ್ಪ ಬೌದ್ಧ ಧರ್ಮಕ್ಕೆ ಸೇರಿದ ದಿನವೇ ಹರಕೆ, ಮುಡಿಪು ಎಲ್ಲಕ್ಕೂ ಕೈಮುಗಿದು ಬಿಟ್ಟುಬಿಟ್ಟಿದ್ದ. ಅಂಥವನ ಮಗ ನಾನು. ಇದು ಹರಕೆ ಅಲ್ಲ, ವ್ಯಾಯಾಮ, ಜೊತೆಗೆ ಒಂದು ಒಳ್ಳೆಯ ಕೆಲಸ ಎಂದು ಸಿಕ್ಕವರಿಗೆಲ್ಲ ಪಾಠ ಮಾಡಿದೆ. ಎಲ್ಲರೂ ತಲೆಯಾಡಿಸಿ ಕೇಳಿಕೊಂಡು, ಹೋಗುವಾಗ, ಹರಕಿ ಯಾವಾಗ ಮುಗೀತೈತ್ರಿ ಎನ್ನುತ್ತಿದ್ದರು.

ರಕ್ತ ಕೊಡುವ ಮಾತೆತ್ತಿದರೆ ಮಾತ್ರ ನೆಲ ನೋಡುತ್ತಿದ್ದರು. ಪಾಮನಕಲ್ಲೂರಿಗೆ ಹೋದಾಗ ಅದರ ಕಾರಣ ತಿಳಿಯಿತು. ಪಾರುವಿನ ಅಜ್ಜ ಬಸಲಿಂಗಪ್ಪನೇ ಊರಲ್ಲಿ ಬೇಡ ಅನ್ನುತ್ತಿದ್ದ. ಮೊಮ್ಮಗಳೆಂದರೆ ಪ್ರಾಣ, ಆದರೆ ರಕ್ತ ಕೊಟ್ಟು ಕೊಟ್ಟು ಮಗ ಸೊರಗಿದ ಎಂಬುದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಮಗ ಸೊರಗಿದ್ದು ಚಿಂತೆಗೆ. "ರಕ್ತ ಕೊಟ್ಟವನ ಕೈಯಾಗ ಹೊಲ ಹರಗೋ ಕುಂಟಿ ನಿಂದ್ರಂಗಿಲ್ಲ ಸರ. ದುಡಿದು ತಿನ್ನೋ ಮಂದಿಗೆ ಹೆಂಗ ಹೇಳಲಿ ಕೊಡ್ರಿ ಅಂತ?" ಎಂದ. ನಾನು ಪುಸ್ತಕದಲ್ಲಿದ್ದದ್ದನ್ನೆಲ್ಲ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, ಕೊನೆಗೆ ಒಂದೇ ಮಾತಿನಲ್ಲಿ ನನ್ನನ್ನು ಹಿಡಿದ. "ನೀವು ಕೊಟ್ಟು, ಆಮ್ಯಾಲ ಓಡಿ ತೋರಸ್ರಿ. ಊರಾಗ ನಾನ ಮನಿ ಮನಿಗೆ ಹೋಗಿ ಹೇಳ್ತೀನಿ."

ಓಟಕ್ಕೆ ಇನ್ನು ಕೆಲವೇ ವಾರ ಉಳಿದಿತ್ತು. ಡಾಕ್ಟರನ್ನು ಕೇಳಿದರೆ, ಹೊಲದ ಕೆಲಸಕ್ಕಾದರೆ ಎರಡು ದಿನ ಸುಧಾರಿಸಿಕೊಂಡರೆ ಸಾಕು, ಆದರೆ ಇಂಥ ಓಟಕ್ಕೆ ಈಗ ಕೊಡಬೇಡಿ, ಮುಗಿಸಿ ಬಂದು ಕೊಡಿ ಎಂದರು. ಅದೇ ವಾರ ಪಾರು ಬೆಂಚಿಗೆ ತಲೆಯಿಟ್ಟಳು. ಅವಳ ಅಪ್ಪ ಕೊಟ್ಟು ಇನ್ನೂ ಮೂರು ತಿಂಗಳಾಗಿರಲಿಲ್ಲ. ಬರುತ್ತೇನೆಂದವರು ಇಬ್ಬರೂ ಫೋನು ಎತ್ತಲಿಲ್ಲ. ನಾನು ಮಧ್ಯಾಹ್ನದ ಬಸ್ಸು ಹತ್ತಿ ರಾಯಚೂರಿಗೆ ಹೋಗಿ ಕೊಟ್ಟು ಬಂದೆ. ಧೈರ್ಯ ಗೀರ್ಯ ಏನಿಲ್ಲ, ಕೊಡದೆ ಮರುದಿನ ಆ ತರಗತಿಯೊಳಗೆ ಕಾಲಿಡಲು ನನ್ನಿಂದ ಆಗುತ್ತಿರಲಿಲ್ಲ. ಆದರೆ ಬಸ್ಸಿನಲ್ಲಿ ವಾಪಸ್ ಬರುವಾಗ ಲೆಕ್ಕ ಹೊಳೆಯಿತು. ಈಗ ನಾನು ಓಟ ಮುಗಿಸದೆ ಬಂದರೆ ಬಸಲಿಂಗಪ್ಪ ಹೇಳಿದ್ದೇ ಖರೆ ಅಂತಾಗುತ್ತದೆ. ಆ ಊರಿನಿಂದ ಇನ್ನು ಒಬ್ಬರೂ ತೋಳು ಚಾಚುವುದಿಲ್ಲ.

ಸಮುದ್ರದ ಊರಿಗೆ ಹೋದೆವು. ಮುಂಜಾನೆ ಅಲೆಗಳ ನಡುವೆ ನಾಲ್ಕು ಮಾರು ಹೋಗುವಷ್ಟರಲ್ಲಿ ಕೈ ತಾನಾಗಿ ಸೊಂಟದಲ್ಲಿ ಹಗ್ಗ ಹುಡುಕಿತು. ಇರಲಿಲ್ಲ. ಕಮಲಾ ದಡದಲ್ಲಿ ಸಾವಿರ ಜನರ ನಡುವೆ ಎಲ್ಲೋ ನಿಂತಿದ್ದಾಳೆ ಅಂದುಕೊಂಡು ಕೈಬೀಸಿದೆ, ಎದ್ದು ಬಂದೆ. ಸೈಕಲ್ಲೂ ಮುಗಿಯಿತು. ಓಟದ ಮೊದಲ ಐದಾರು ಕಿಲೋಮೀಟರ್ ಕಾಲು ಮಾತು ಕೇಳಿದವು. ಆಮೇಲೆ ಉಸಿರು ಕಿತ್ತುಕೊಂಡು ಬಂತು, ನಡೆದೆ, ಮತ್ತೆ ಓಡಿದೆ, ಮತ್ತೆ ನಡೆದೆ. ಹತ್ತು ಕಿಲೋಮೀಟರ್ ಇನ್ನೂ ಉಳಿದಿರುವಾಗ ಗಡುವು ಮುಗಿಯಿತೆಂದು ಹಿಂದಿನಿಂದ ಬಂದ ವ್ಯಾನಿನವರು ಮರ್ಯಾದೆಯಿಂದಲೇ ಬಾಗಿಲು ತೆಗೆದರು. ವರ್ಷವಿಡೀ ಎಲ್ಲರ ಗಾಡಿಗೂ ಬೇಡವೆಂದವನು ಅಂದು ಗಾಡಿ ಹತ್ತಿದೆ. ಕೊಟ್ಟ ರಕ್ತದಿಂದಲೋ, ಬಿಸಿಲಿನಿಂದಲೋ, ವಯಸ್ಸಿನಿಂದಲೋ, ನನಗೆ ಇವತ್ತಿಗೂ ಗೊತ್ತಿಲ್ಲ. ವ್ಯಾನಿನಲ್ಲಿ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತೆ. ಪದಕಕ್ಕಾಗಿ ಅಲ್ಲ.

ಊರಿಗೆ ಬಂದವನೇ ಪಾಮನಕಲ್ಲೂರಿಗೆ ಹೋದೆ. ತಡ ಮಾಡಿದರೆ ಹೋಗುವ ಧೈರ್ಯ ಇರುವುದಿಲ್ಲ ಎಂದು ಗೊತ್ತಿತ್ತು. ಬಸಲಿಂಗಪ್ಪ ಕಟ್ಟೆಯ ಮೇಲೆ ಕೂತಿದ್ದ, ಪಾರು ಪಕ್ಕದಲ್ಲಿ ಪುಸ್ತಕ ಹಿಡಿದಿದ್ದಳು. ಮುಗಿಸಲಾಗಲಿಲ್ಲ ಎಂದು ನೆಟ್ಟಗೆ ಹೇಳಿದೆ. ಅವನು ಪಕ್ಕಕ್ಕೆ ಸರಿದು ಕಟ್ಟೆಯ ಮೇಲೆ ನನಗೆ ಜಾಗ ಮಾಡಿದ. ಆಮೇಲೆ ಕೇಳಿದ.

"ಎಲ್ಲಿ ನಿಂತ್ರಿ?"

"ಇನ್ನೂ ಹತ್ತು ಕಿಲೋಮೀಟರ್ ಉಳಿದಿತ್ತು."

"ಈಜಿದ್ರಿ, ಸೈಕಲ್ ತುಳಿದ್ರಿ, ಅಷ್ಟು ದೂರ ಓಡಿದ್ರಿ. ನಾ ರಕ್ತ ಕೊಡಲಾರದನ ಮಸ್ಕಿ ತನಕ ನಡದ್ರ ನಡುವ ನಾಕು ಸಲ ಕುಂದ್ರತೀನಿ," ಎಂದು ಬಸಲಿಂಗಪ್ಪ ಎದ್ದು ನಿಂತ. "ನಮ್ಮ ಮನ್ಯಾಗ ಶ್ರೀಶೈಲದ ಹಾದ್ಯಾಗ ಒಬ್ಬ ಕಾಲು ಸೋತು ಕುಂತ್ರ, ಇನ್ನೊಬ್ಬ ಹೋಗಿ ಅವ ನಿಂತಲ್ಲಿಂದ ಮುಂದ ನಡೀತಾನ. ಹರಕಿ ನಡುವ ಬಿಡಂಗಿಲ್ಲ. ಹತ್ತು ಉಳದಾವ ಅಂದ್ರ ಹತ್ತು ಮಂದಿ. ಅಷ್ಟಕ್ಕ ನಾವದೀವಿ."

ಇದು ಹರಕೆ ಅಲ್ಲ ಎಂದು ನಾನು ಆ ದಿನ ಹೇಳಲಿಲ್ಲ.

ಮುಂದಿನ ತಿಂಗಳು ಅವರ ಊರಿನ ಶಾಲೆಯಲ್ಲೇ ಶಿಬಿರವಾಯಿತು. ಹತ್ತು ಎಂದವನು ಹದಿನಾಲ್ಕು ಜನರನ್ನು ಕರೆತಂದಿದ್ದ. ಎಲ್ಲರಿಗಿಂತ ಮೊದಲು ತಾನೇ ಮಂಚದ ಮೇಲೆ ಮಲಗಿ, ತೋಳು ಚಾಚಿ, ಕಣ್ಣು ಮುಚ್ಚಿದ. ಅಜ್ಜಾ ನಿನ್ನ ವಯಸ್ಸು ಮೀರೈತಿ, ಏಳು ಎಂದು ಅವನನ್ನು ಎಬ್ಬಿಸಿದರು. ಅವನು ಗದರಲಿಲ್ಲ, ಬೇಡಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ಹೋಗಿ, ನಮಗೆಲ್ಲ ಬೆನ್ನು ಮಾಡಿ ಕೂತ. ಪಾರು ಬಾಳೆಹಣ್ಣು ಒಯ್ದು ಕೊಟ್ಟರೂ ತಿರುಗಲಿಲ್ಲ. ಮುದುಕನಿಗೆ ಇಷ್ಟೇಕೆ ಮುನಿಸು ಎಂದು ನಾನು ಆಗ ನಕ್ಕಿದ್ದೆ. ಬಸಲಿಂಗಪ್ಪ ತೀರಿಕೊಂಡು ಈಗ ಕೆಲವು ವರ್ಷಗಳಾದವು. ಆ ಬೆನ್ನಿನ ಅರ್ಥ ನನಗೆ ಗೊತ್ತಾದದ್ದು ಆಚೆ ಮೊನ್ನೆ, ರಾಯಚೂರಿನ ಬಸ್ಸಿನಲ್ಲಿ.

ಪಾರು ಈಗ ಲಿಂಗಸುಗೂರಿನಲ್ಲಿ ಬಿ.ಎಡ್. ಓದುತ್ತಿದ್ದಾಳೆ. ಗಣಿತವೇ ಕಲಿಸುತ್ತಾಳಂತೆ, ದೇವರೇ ಕಾಪಾಡಬೇಕು ಆ ಮಕ್ಕಳನ್ನು. ನೀರು ಬಂದ ದಿನ ಸಂಜೆ ಫೋನು ಮಾಡಿದಳು. ನಾನು ನಡೆದದ್ದು ಹೇಳಿದೆ. ಬಿಡ್ರಿ ಸರ, ಯಾರರ ಇರ್ತಾರ ಎಂದು ಸಮಾಧಾನ ಮಾಡಿದಳು. ನಾನು ಅವಳಿಗೆ ಮಾಡಬೇಕಾದ ಸಮಾಧಾನವನ್ನು ಅವಳು ನನಗೆ ಮಾಡಿದಳು. ಫೋನು ಇಟ್ಟು ತಿರುಗಿದರೆ ಕಮಲಾ ಬಾಗಿಲಲ್ಲಿ ನಿಂತಿದ್ದಾಳೆ.

ನಿಮಗೆ ಒಂದು ಸಂಗತಿ ಹೇಳಿಲ್ಲ. ಇಷ್ಟು ವರ್ಷದಲ್ಲಿ ಕಮಲಾ ಒಮ್ಮೆಯೂ ರಕ್ತ ಕೊಟ್ಟವಳಲ್ಲ. ಜ್ವರಕ್ಕೆ ಇಂಜೆಕ್ಷನ್ ಎಂದರೂ ಮನೆಯೊಳಗೆ ಬಾಗಿಲು ಹಾಕಿಕೊಳ್ಳುವವಳು. ಸೂಜಿ ಕಂಡರೆ ಅವಳಿಗೆ ಆಗುವುದಿಲ್ಲ, ನಾನೂ ಒತ್ತಾಯಿಸಿರಲಿಲ್ಲ. "ನನಗಿನ್ನ ಅರವತ್ತಾಗಿಲ್ಲ," ಎಂದಳು. ಹೂಂ, ಅದಕ್ಕೇನೀಗ ಎಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, "ಎಲ್ಲಿ ನಿಂತ್ರಿ ನೀವು?" ಎಂದು ಕೇಳಿದಳು.

ಇವತ್ತು ರಾಯಚೂರಿಗೆ ಹೋಗಿ ಬಂದೆವು. ದಾರಿಯಲ್ಲಿ ಅವಳು ಸೂಜಿ ಎಷ್ಟು ಉದ್ದ ಇರುತ್ತದೆಂದು ಮೂರು ಸಲ ಕೇಳಿದಳು. ಬೆರಳಿಗೆ ಚುಚ್ಚಿ ನೋಡಿದರು, ಬಿ.ಪಿ. ನೋಡಿದರು, ಅಡ್ಡಿಯಿಲ್ಲ ಎಂದರು. ಅದೇ ನರ್ಸಮ್ಮ ನನ್ನ ಗುರುತು ಹಿಡಿದು ನಕ್ಕು, ಮಂಚದ ಪಕ್ಕ ಒಂದು ಸ್ಟೂಲು ಹಾಕಿದಳು. ಸ್ಪಿರಿಟ್ಟಿನ ಹತ್ತಿ ತೋಳಿಗೆ ತಾಗುತ್ತಲೇ ಕಮಲಾ ಕಣ್ಣು ಬಿಗಿಯಾಗಿ ಮುಚ್ಚಿ, ಇನ್ನೊಂದು ಕೈಯನ್ನು ನನ್ನ ಕಡೆ ಚಾಚಿದಳು. ನಾನು ಹಿಡಿದುಕೊಂಡೆ. ಅವಳು ಕಣ್ಣು ತೆರೆಯದೆಯೇ ಹೇಳಿದಳು:

"ಕಾಲುವ್ಯಾಗ ನಾ ಹಗ್ಗ ಬಿಟ್ಟಿಲ್ಲ. ನೀವೂ ಬಿಡಬ್ಯಾಡ್ರಿ."